ಕೂತ ಜಾಗ ಬಿಟ್ಟೇಳದ ದಾಲಾಂಗ್

ಕ್ಲಾತೆನ್ ಪೇಟೆಯ ಸುತ್ತಮುತ್ತ ತೊಗಲುಗೊಂಬೆ ಆಡಿಸುವ ದಾಲಾಂಗರಿಗೇನು ಬರವೇ? ಬೀದಿಗೊಬ್ಬರು ಸಿಗುತ್ತಾರೆ. ಆದರೆ ಕಿ ತುಕಿರಾನ್ ಹೆಸರೆತ್ತಿದರೆ ಜನ ಮೊದಲು ಹೇಳುತ್ತಿದ್ದುದು ಅವನ ಕಂಠದ ಮಾತಲ್ಲ, ಕೈಚಳಕದ ಮಾತಲ್ಲ. "ಕೂತರೆ ಏಳಲ್ಲಪ್ಪ ಆ ಮನುಷ್ಯ!" ಇದೊಂದೇ ಮಾತು. ಪರದೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬಾಳೆದಿಂಡಿಗೆ ಚುಚ್ಚಿದ ಬೆಟ್ಟದಾಕಾರದ ಗೊಂಬೆಯನ್ನು ಕಿತ್ತನೆಂದರೆ ಆಟ ಶುರು. ಬೆಳಗಾಗಿ ಅದೇ ಗೊಂಬೆಯನ್ನು ಮತ್ತೆ ದಿಂಡಿನ ನಡುವೆ ನೆಡುವ ತನಕ ಅವನ ಅಂಡು ಚಾಪೆ ಬಿಡುತ್ತಿರಲಿಲ್ಲ. ಊಟಕ್ಕಿಲ್ಲ, ಒಂದಕ್ಕಿಲ್ಲ. ಹಿಂದಿನವರೆಲ್ಲ ಹಾಗೇ ಕೂರುತ್ತಿದ್ದರಂತೆ. ಈಗಿನವರು ನಡುವೆ ಯಾರೋ ಹಾಡುವ ಹುಡುಗಿಯನ್ನು ಕರೆದು ನಿಲ್ಲಿಸಿ, ಜನ ಬಾಯಿಬಿಟ್ಟುಕೊಂಡು ಅತ್ತ ನೋಡುತ್ತಿರುವಾಗ ಇತ್ತ ಮೆಲ್ಲಗೆ ಜಾರಿ, ಗೋಡೆ ಮರೆಯಲ್ಲಿ ಹಗುರಾಗಿ ಬರುತ್ತಾರೆ. ತುಕಿರಾನ್ ಆ ಪೈಕಿಯಲ್ಲ. ಅರವತ್ತು ದಾಟಿದ ಮೇಲಂತೂ ಅವನ ಹಟ ಇನ್ನೂ ಗಟ್ಟಿಯಾಗಿತ್ತು.

"ಬೆಟ್ಟದ ಬುಡದ ನೀರಿನ ಊಟೆಯಲ್ಲಿ ಉಪವಾಸ ಕೂತು ವರ ತಂದಿದಾನೆ," ಎಂದು ಟೀ ಅಂಗಡಿಯಲ್ಲಿ ಮಾತು. "ಒಳಗಿನ ನೀರು ಅವನು ಹೇಳ್ದಂಗೆ ಕೇಳ್ತದೆ ಕಣೋ. ನಿನ್ನ ನನ್ನ ಹಂಗಲ್ಲ." ಕೇಳಿದವರು ಹೌದೌದು ಎಂದು ತಲೆಯಾಡಿಸಿ ಲವಂಗದ ಸಿಗರೇಟು ಹಚ್ಚುತ್ತಿದ್ದರು.

ಅವನ ಬೆನ್ನ ಹಿಂದೆ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ, ಗೆಂದೆರ್ ಎಂಬ ಕಂಚಿನ ಪಟ್ಟಿಗಳ ವಾದ್ಯದ ಮುಂದೆ ಕೂತಿರುತ್ತಿದ್ದವಳು ಅವನ ಹೆಂಡತಿ ವಿನಾರ್ಸಿ. ದಾಲಾಂಗ್ ಉಸಿರೆಳೆದರೆ ಗೆಂದೆರ್ ಶ್ರುತಿ ಕೊಡಬೇಕು. ಅವನ ಗೊಂಬೆ ಅತ್ತರೆ ಗೆಂದೆರ್ ಕೂಡ ಅಳಬೇಕು. ಮಿಕ್ಕ ವಾದ್ಯದವರು ಕೈಕಟ್ಟಿ ಆಕಳಿಸುವಾಗಲೂ ಅದು ಮಾತ್ರ ಸುಮ್ಮನಾಗುವ ಹಾಗಿಲ್ಲ. ಎಂದಮೇಲೆ ಅವಳೂ ಏಳುವ ಹಾಗಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಎದ್ದಿರಲಿಲ್ಲ. ಬಸುರಿಯಾಗಿದ್ದಾಗಲೂ ಎದ್ದಿರಲಿಲ್ಲ, ಆ ಬಸಿರು ನಿಲ್ಲಲಿಲ್ಲ, ಅದು ಬೇರೆ ಮಾತು. ಇದನ್ನು ಮಾತ್ರ ಯಾವ ಟೀ ಅಂಗಡಿಯಲ್ಲೂ ಯಾರೂ ಆಡಲಿಲ್ಲ. ಗಂಡಸು ತಡೆದುಕೊಂಡರೆ ತಪಸ್ಸು, ಹೆಂಗಸು ತಡೆದುಕೊಂಡರೆ ಅದಕ್ಕೊಂದು ಹೆಸರೂ ಇಲ್ಲ. ಹೋಗಲಿ ಬಿಡಿ.

ವರದ ಅಸಲು ಕತೆ ಗೊತ್ತಿದ್ದವಳು ಅವಳೊಬ್ಬಳೇ. ಹಾಗೆಂದು ಅವಳು ತಿಳಿದಿದ್ದಳು.

ಆದದ್ದಿಷ್ಟು. ವಯಸ್ಸು ಯಾರನ್ನೂ ಬಿಡುವುದಿಲ್ಲವಲ್ಲ, ತುಕಿರಾನನ ಸೊಂಟವನ್ನೂ ಹಿಡಿಯಿತು. ಒಂದು ಕಾಲು ಮಡಿಚಿಟ್ಟು, ಇನ್ನೊಂದರ ಬೆರಳ ಸಂದಿಯಲ್ಲಿ ಮರದ ಕೊಡತಿ ಸಿಕ್ಕಿಸಿಕೊಂಡು, ಗೊಂಬೆಪೆಟ್ಟಿಗೆಗೆ ಟಕಟಕ ಹೊಡೆಯುತ್ತ ಜೀವಮಾನವೆಲ್ಲ ಕಳೆದ ಸೊಂಟ. ಆಟ ಮುಗಿಯುವಷ್ಟರಲ್ಲಿ ನೋವಿನಿಂದ ಅವನ ಬೆನ್ನಿನ ಅಂಗಿ ತೊಯ್ದು ತೊಪ್ಪೆಯಾಗುತ್ತಿತ್ತು. ಅದರ ಜೊತೆಗೆ ಇನ್ನೊಂದು ಕಾಟ. ಗಳಿಗೆಗೊಮ್ಮೆ ಒಂದಕ್ಕೆ ಅವಸರ. ಒಂದು ಮದುವೆಮನೆಯ ಆಟದಲ್ಲಿ ತಡೆಯಲಾಗದೆ, ಇನ್ನೂ ಎಷ್ಟೋ ಹೊತ್ತು ಮೆರೆಯಬೇಕಾಗಿದ್ದ ರಾಕ್ಷಸನನ್ನು ಒಂದೇ ಏಟಿಗೆ ಕೊಂದು, ಮಂಗಳ ಹಾಡಿ, ಗಡಿಬಿಡಿಯಲ್ಲಿ ಬೆಟ್ಟದ ಗೊಂಬೆ ನೆಟ್ಟು ಕತ್ತಲಿಗೆ ಓಡಿದ್ದ. ಮದುವೆಮನೆಯವರು ಮುಖ ಮುಖ ನೋಡಿಕೊಂಡರು. ಮನೆಗೆ ಬಂದು ಅವನು ಗೋಡೆ ಕಡೆ ತಿರುಗಿ ಮಲಗಿದ್ದ.

"ಡಾಕ್ಟ್ರ ಹತ್ರ ಹೋಗೋಣ ಮಾಸ್," ಎಂದಿದ್ದಳು ವಿನಾರ್ಸಿ. ಗಂಡನನ್ನು ಅವಳು ಕರೆಯುತ್ತಿದ್ದುದು ಹಾಗೆ, ಮಾಸ್ ಎಂದು.

"ದಾಲಾಂಗ್ ಮಾತ್ರೆ ನುಂಗಿ ಕೂತ ಅಂದ್ರೆ ಗೊಂಬೆಗಳೇ ನಗ್ತವೆ. ನಮ್ಮಪ್ಪ ನುಂಗಿದ್ನಾ? ನಮ್ಮ ತಾತ ನುಂಗಿದ್ನಾ? ಊಟೆಗೆ ಹೋಗ್ತೀನಿ. ಉಪವಾಸ ಕೂರ್ತೀನಿ."

ಹೋದ, ಕೂತ, ಸೊರಗಿ ಬಂದ. ಅಷ್ಟರಲ್ಲಿ ವಿನಾರ್ಸಿ ಹಳ್ಳಿಯ ಕಾಂಪೌಂಡರ್ ಪಾಕ್ ಗಿಯಾರ್ತೊನ ಮನೆಗೆ ಹೋಗಿ ಬಂದಿದ್ದಳು. ಅವನು ಒಳಕೋಣೆಯಿಂದ ಬಿಳಿ ಮಾತ್ರೆಗಳ ಪೊಟ್ಟಣ ತಂದುಕೊಟ್ಟು, ಅಮ್ಮಾ ಎನ್ನುವ ಹಾಗೆ 'ಬು' ಎಂದು ಕರೆದು ಹೇಳಿದ. "ಆಪರೇಷನ್ ಆದೋರಿಗೆ ಕೊಡೋ ಮಾತ್ರೆ ಬು. ಎಂಥಾ ನೋವಾದ್ರೂ ಬಾಯ್ಮುಚ್ಕೊಂಡು ಬಿದ್ದಿರ್ತದೆ. ಚೀಟಿ ಇಲ್ದೆ ಕೊಡೋ ಹಂಗಿಲ್ಲ, ಯಾರಿಗೂ ಹೇಳ್ಬೇಡಿ." ಅವಳು ಅದನ್ನು ಒರಳಲ್ಲಿ ಅರೆದು, ಶುಂಠಿ ಕಷಾಯಕ್ಕೆ ಹಾಕಿ, ಕಹಿ ತಿಳಿಯದಂತೆ ತಾಳೆಬೆಲ್ಲ ಸುರಿದು, ಆಟಕ್ಕೆ ಹೊರಡುವ ಮುಂಚೆ ಗಂಡನ ಕೈಗಿಟ್ಟಳು.

ಅವತ್ತು ಅವನು ಆಡಿಸಿದ ಆಟವನ್ನು ಜನ ಈಗಲೂ ನೆನೆಯುತ್ತಾರೆ. ಸೊಂಟ ಹಿಡಿಯಲಿಲ್ಲ. ಸೊಂಟದ ಮಾತಿರಲಿ, ಇಡೀ ಆಟದಲ್ಲಿ ಒಂದು ಸಲವೂ ಅವನಿಗೆ ಒಂದಕ್ಕೆ ಬಂದಂತೆಯೇ ಅನ್ನಿಸಲಿಲ್ಲ. ಬೆಳಗ್ಗೆ ಮನೆಗೆ ಬಂದವನ ಮುಖ ಪಳಪಳ ಹೊಳೆಯುತ್ತಿತ್ತು.

"ನೋಡಿದ್ಯಾ ವಿನಾರ್? ಊಟೆ ಕೈಬಿಡ್ಲಿಲ್ಲ. ಹೊಟ್ಟೆಯೊಳಗೆ ಏನೂ ಇಲ್ವೇನೋ ಅನ್ನೋ ಹಂಗೆ ಹಗುರ. ಅಜ್ಜಂದಿರು ಹಿಂಗೇ ಕೂರ್ತಿದ್ರು ಅಂತ ಕಾಣ್ತದೆ."

ಅವಳು ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವನು ಎಷ್ಟೋ ವರ್ಷಗಳ ಮೇಲೆ ನಗುತ್ತಿದ್ದ. ಅವತ್ತು ಅವನೇ ತಟ್ಟೆಗೆ ಅನ್ನ ಬಡಿಸಿ ಅವಳ ಮುಂದೆ ಇಟ್ಟ. ಅಂಥ ಹೊತ್ತಿನಲ್ಲಿ ಯಾವ ಹೆಂಡತಿ ಬಾಯಿ ಬಿಡುತ್ತಾಳೆ?

ಹಾಗೆ ಶುರುವಾದದ್ದು ರೂಢಿಯಾಯಿತು. ಮೊದಮೊದಲು ಆಟದ ದಿನಕ್ಕೆ ಮಾತ್ರ ಇದ್ದ ಕಷಾಯ ಆಮೇಲೆ ದಿನವೂ ಬೇಕಾಯಿತು. ಸಿಗದ ದಿನ ಅವನು ಕಾರಣವಿಲ್ಲದೆ ಸಿಡುಕುತ್ತಿದ್ದ. ಹೆಸರು ಬೆಳೆಯಿತು, ಹೆಸರಿನ ಜೊತೆ ಸೊಕ್ಕೂ ಬೆಳೆಯಿತು. ವರ ಪಡೆದವನಿಗೆ ವರ ಇಲ್ಲದವರನ್ನು ಕಂಡರೆ ಎಷ್ಟು ತಾತ್ಸಾರ ಅಂತೀರಿ! ಆ ತಾತ್ಸಾರಕ್ಕೆ ಮೊದಲು ಸಿಕ್ಕಿದವನು ಅವನ ಸ್ವಂತ ತಮ್ಮ ಸಮಿಜೊ.

ಸಮಿಜೊ ಕೂಡ ದಾಲಾಂಗನೇ. ಅಣ್ಣನ ಗತ್ತು ಇರಲಿಲ್ಲ. ಆದರೆ ಅವನ ಆಟದಲ್ಲಿ ಮುದುಕಿಯರು ಅಳುತ್ತಿದ್ದರು, ಮಕ್ಕಳು ನಿದ್ದೆಗೆಡುತ್ತಿದ್ದರು. ಒಂದು ಆಟದ ನಡುವೆ ಅವನು ಎದ್ದು ಹೋಗಿ ಬಂದ. ಒಂದಕ್ಕೆ ಬಂದಿತ್ತು, ಹೋದ. ಇಷ್ಟೇ. ಯಾರೋ ಪುಣ್ಯಾತ್ಮ ಫೋನಿನಲ್ಲಿ ಹಿಡಿದ. ಮುಂದಿನ ವಾರ ತುಕಿರಾನ್ ತನ್ನ ಆಟದಲ್ಲಿ, ಹಾಸ್ಯದ ಗೊಂಬೆಗಳು ಬಂದು ಊರಿನವರನ್ನು ಛೇಡಿಸುವ ಹೊತ್ತಿನಲ್ಲಿ, ಡೊಳ್ಳುಹೊಟ್ಟೆಯ ಗೊಂಬೆಯ ಬಾಯಲ್ಲಿ ಆಡಿಸಿದ: "ನಮ್ಮೂರಲ್ಲಿ ಒಬ್ಬ ದಾಲಾಂಗ್ ಇದಾನೆ ಕಣ್ರಯ್ಯ. ಪಾಪ, ನಲ್ಲಿ ವಾಷರ್ ಹೋಗಿದೆ. ರಾಜನ ದರ್ಬಾರು ನಡೀತಿರುತ್ತೆ, ಇವಂದು ತೊಟ ತೊಟ ತೊಟ!"

ಜನ ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ಸಮಿಜೊನ ಹೆಸರೇ ಹೋಯಿತು, 'ವಾಷರ್ ದಾಲಾಂಗ್' ಆದ. ಆಟಕ್ಕೆ ಕರೆಯುವವರು ಕಡಿಮೆಯಾದರು, ಆಮೇಲೆ ನಿಂತೇಹೋದರು. ಈಗ ಅವನು ಬಸ್ ನಿಲ್ದಾಣದ ಹತ್ತಿರ ಗಾಡಿಯಲ್ಲಿ ಸೊತೊ ಮಾರುತ್ತಾನೆ. ಕೋಳಿಸಾರು, ಅನ್ನ, ಮೇಲೊಂದಿಷ್ಟು ಹುರಿದ ಬೆಳ್ಳುಳ್ಳಿ. ಅಲ್ಲಿಗೂ ಬಂದು ಹುಡುಗರು "ಒಂದು ವಾಷರ್ ಸೊತೊ!" ಎಂದು ಕೂಗುತ್ತಾರೆ. ವಿನಾರ್ಸಿ ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಅವನೇ ಕರೆದು ಕೂರಿಸಿ ಬಟ್ಟಲು ತುಂಬ ಸಾರು ಕೊಟ್ಟಿದ್ದ.

"ಅಣ್ಣಂದು ದೊಡ್ಡ ಸಾಧನೆ ಅತ್ತಿಗೆ. ನಾನೂ ಊಟೇಲಿ ಉಪವಾಸ ಕೂತು ನೋಡ್ದೆ. ನಂಗೆ ಬರೀ ನೆಗಡಿ ಬಂತು," ಎಂದು ನಕ್ಕಿದ್ದ. ಅವಳು ಬಟ್ಟಲಿನ ಸಾರನ್ನು ಹೇಗೋ ಮುಗಿಸಿ ಎದ್ದಳು. ಮನೆಗೆ ಬಂದವಳು ಆ ಸಂಜೆಯೂ ಮಾತ್ರೆ ಅರೆದಳು, ನೋಡಿ.

ಆಮೇಲೆ ಕಂಡದ್ದು ಹಾಸಿಗೆಯ ಒದ್ದೆ. ಮೊದಲು ಒಂದು ಅಂಗೈಯಗಲ, ಆಮೇಲೆ ಚಾಪೆಯಗಲ. ಅವನು ನಿದ್ದೆಯಲ್ಲಿದ್ದಾಗ ತನ್ನಷ್ಟಕ್ಕೆ ಸೋರುತ್ತಿತ್ತು. ಹಗಲು ಬಚ್ಚಲಿಗೆ ಹೋದರೆ ಎಷ್ಟು ಹೊತ್ತು ನಿಂತರೂ ನಾಲ್ಕು ಹನಿ. ವಿನಾರ್ಸಿ ಬೆಳಕು ಹರಿಯುವ ಮುಂಚೆ ದುಪ್ಪಟಿ ಒಗೆದು, ಅಕ್ಕಪಕ್ಕದವರಿಗೆ ಕಾಣದಂತೆ ಹಿತ್ತಲಿನ ಒಳಹಗ್ಗಕ್ಕೆ ಹಾಕುತ್ತಿದ್ದಳು. ಒಂದು ದಿನ ಅವನು ಉಟ್ಟ ಸಾರಂಗ್ ಲುಂಗಿಯ ಗಂಟು ಸರಿಮಾಡುವಾಗ ಕಿಬ್ಬೊಟ್ಟೆಗೆ ಕೈ ತಗುಲಿತು. ಎಳನೀರು ಬುರುಡೆಯ ಹಾಗೆ ಗಟ್ಟಿ.

"ಇದೇನು ಮಾಸ್ ಇಷ್ಟು ಊದ್ಕೊಂಡಿದೆ? ನೋಯಲ್ವಾ?"

"ಏನೂ ಇಲ್ವಲ್ಲ. ಶಕ್ತಿ ಅಲ್ಲೇ ನಿಂತಿರೋದು," ಎಂದ. ಎಂಥ ಶಕ್ತಿಯೋ, ಯಾರ ಶಕ್ತಿಯೋ!

ವಾರ ಕಳೆಯುವುದರಲ್ಲಿ ಜ್ವರ ಬಂತು, ಮಾತು ತೊದಲಿತು. ಉಪವಾಸ, ಊಟೆ ಎಂದು ಗೊಣಗುತ್ತಿದ್ದವನನ್ನು ಎತ್ತಿ ಗಾಡಿಗೆ ಹಾಕಿಕೊಂಡು ಪೇಟೆ ಆಸ್ಪತ್ರೆಗೆ ಒಯ್ದರು. ಅಲ್ಲಿ ಡಾಕ್ಟರ್ ಲಿಂತಾಂಗ್ ಎಂಬ ಹರೆಯದ ಹೆಣ್ಣುಮಗಳು ಅವನ ಹೊಟ್ಟೆ ಮುಟ್ಟಿ ನೋಡಿ, ಮೂತ್ರ ಇಳಿಯಲು ಟ್ಯೂಬು ಹಾಕಿದಳು. ಚೀಲ ತುಂಬಿತು. ಇನ್ನೊಂದು ಚೀಲ ತಂದರು. ಅದೂ ತುಂಬುತ್ತಾ ಬಂತು. ನರ್ಸು ಮೂಗಿನ ಮೇಲೆ ಬೆರಳಿಟ್ಟಳು. ಡಾಕ್ಟರು ವಿನಾರ್ಸಿಯನ್ನು ಹೊರಗೆ ಕರೆದಳು.

"ಬು, ಇದರ ಕಾಲುಭಾಗ ತುಂಬಿದ್ರೂ ಸಾಕು, ಯಾರಾದ್ರೂ ಕಿರುಚಿಕೊಂಡು ಓಡಾಡ್ತಾರೆ. ನಿಮ್ಮ ಯಜಮಾನ್ರು ನೋವೇ ಇಲ್ಲ ಅಂತಾರೆ. ಏನು ಕೊಡ್ತಿದ್ರಿ ಹೇಳಿ."

ವಿನಾರ್ಸಿ ಸೆರಗಿನ ಗಂಟಿನಿಂದ ಖಾಲಿ ಪೊಟ್ಟಣ ತೆಗೆದು ಕೊಟ್ಟಳು. ಬಯ್ಯಿಸಿಕೊಳ್ಳಲು ತಯಾರಾಗಿಯೇ ಬಂದಿದ್ದಳು. ಡಾಕ್ಟರು ಬಯ್ಯಲಿಲ್ಲ, ಬೆಂಚಿನ ಮೇಲೆ ಪಕ್ಕದಲ್ಲೇ ಕೂತಳು.

"ಮೂತ್ರದ ಚೀಲದ ಗೋಡೇಲಿ ಸಣ್ಣ ಸಣ್ಣ ನರ ಇರ್ತವೆ ಬು. ಚೀಲ ತುಂಬಿ ಹಿಗ್ಗಿದ ಹಾಗೆಲ್ಲ ಅವು 'ತುಂಬ್ತಾ ಇದೆ, ಏಳು' ಅಂತ ಬೆನ್ನುಹುರಿ ದಾರೀಲಿ ತಲೆಗೆ ಸುದ್ದಿ ಕಳಿಸ್ತವೆ. ಸೊಂಟದ ನೋವಿನ ಸುದ್ದೀನೂ ಬೆನ್ನುಹುರಿ ದಾರೀಲೇ ಹೋಗೋದು. ಈ ಮಾತ್ರೆ ಆ ದಾರೀಲಿ ಕೂತು ಬಾಗಿಲು ಹಾಕುತ್ತೆ. ಅದಕ್ಕೆ ಇದು ನೋವು, ಇದು ಒಂದಕ್ಕೆ ಅಂತ ಭೇದ ಗೊತ್ತಿಲ್ಲ. ನೋವಿನ ಬಾಯಿ ಮುಚ್ಚಿಸಿದ್ದು ಚೀಲದ ಬಾಯೂ ಮುಚ್ಚಿಸ್ತು. ಹಿಂಡೋ ಶಕ್ತೀನೂ ತಗ್ಗಿಸ್ತು. ವಯಸ್ಸಾದ ಗಂಡಸರಿಗೆ ಮೊದಲೇ ದಾರಿ ಇಕ್ಕಟ್ಟು. ತುಂಬಿ ತುಂಬಿ ಈಗ ಹಳೇ ರಬ್ಬರ್ ಥರ ಜೋತುಬಿದ್ದಿದೆ."

"ಸರಿಹೋಗುತ್ತಾ ಡಾಕ್ಟ್ರೇ?"

"ಮಾತ್ರೆ ಹಂತಹಂತವಾಗಿ ಬಿಡಿಸ್ತೀನಿ. ಟ್ಯೂಬಿಗೊಂದು ಕ್ಲಿಪ್ಪು ಹಾಕಿರ್ತೀನಿ. ಸ್ವಲ್ಪ ಹೊತ್ತು ಮುಚ್ಚಿಡಿ, ಆಮೇಲೆ ಬಿಡಿ. ಚೀಲಕ್ಕೆ ಮತ್ತೆ ಅಭ್ಯಾಸ ಆಗ್ಬೇಕು. ಅವರಾಗೇ 'ಬಂತು' ಅಂತ ಹೇಳಿದ ದಿನ ನಂಗೆ ತಿಳಿಸಿ, ನರ ಎಚ್ಚರ ಆಯ್ತು ಅಂತ ಲೆಕ್ಕ. ಆಗದೇನೂ ಇರಬಹುದು. ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ, ಮತ್ತೆ ಮಾತ್ರೆ ನುಂಗಿ ಹಾಗೆ ತುಂಬಿಸ್ಕೊಂಡು ಕೂತ್ರೆ ನೀರು ಮೇಲಕ್ಕೆ ಹತ್ತಿ ಕಿಡ್ನಿ ಹೋಗುತ್ತೆ. ಆಮೇಲೆ ನನ್ನ ಹತ್ರ ಬಂದು ಅತ್ರೆ ಆಗಲ್ಲ."

ಮನೆಗೆ ಬಂದ ಮೇಲೆ ವಿನಾರ್ಸಿ ನಾಲ್ಕಾರು ದಿನ ಮಾತು ಹುಡುಕಿದಳು. ವರವೆಂದು ನಂಬಿದವನಿಗೆ ಅದು ವರವಲ್ಲ, ನಾನು ಬೆರೆಸಿದ ಮಾತ್ರೆ ಎಂದು ಹೇಗೆ ಹೇಳುವುದು? ಕೇಳಿ ಕುಸಿದುಹೋದರೆ? ಇನ್ನು ಗೊಂಬೆಯನ್ನೇ ಮುಟ್ಟುವುದಿಲ್ಲವೆಂದರೆ? ಕೊನೆಗೆ ಒಂದು ಮಧ್ಯಾಹ್ನ, ಅವನು ಜಗಲಿಯ ಬೆತ್ತದ ಕುರ್ಚಿಯಲ್ಲಿ ಚೀಲ ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದಾಗ, ಅವನ ಕಾಲ ಹತ್ತಿರ ಕೂತು ಎಲ್ಲ ಹೇಳಿದಳು. ಕಾಂಪೌಂಡರ್, ಒರಳು, ಬೆಲ್ಲ, ಎಲ್ಲ. ಹೇಳುತ್ತ ಹೇಳುತ್ತ ಅತ್ತಳು.

ತುಕಿರಾನ್ ಶುಂಠಿ ಚೂರೊಂದನ್ನು ಹಲ್ಲಿನ ಸಂದಿಯಿಂದ ತೆಗೆದು ಉಗಿದ.

"ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ಮೊದಲ್ನೇ ದಿನಾನೇ ಗೊತ್ತಿತ್ತು. ಶುಂಠಿ ಕಷಾಯಕ್ಕೆ ಅಷ್ಟು ಬೆಲ್ಲ ಯಾರು ಹಾಕ್ತಾರೆ? ಕಹಿ ಮುಚ್ಚೋಕೆ ಅಂತ ಗೊತ್ತಾಗಲ್ವಾ? ನಾಲಿಗೆ ನಂದು ಕಣೇ, ಗೊಂಬೇದಲ್ಲ."

ವಿನಾರ್ಸಿಯ ಅಳು ನಿಂತುಹೋಯಿತು. "ಗೊತ್ತಿದ್ದೂ... ಕುಡಿದ್ರಾ?"

"ನೀನು ಪ್ರೀತಿಯಿಂದ ಕೊಟ್ಟೆ, ನಾನು ಕುಡಿದೆ. ನಾನು ಕೇಳಿದ್ನಾ? ನಾನಾಗಿ ಒಂದು ಮಾತ್ರೆ ಮುಟ್ಟಿದೀನಾ? ಇಲ್ಲ. ನನ್ನ ಕೈ ಶುದ್ಧ." ಅವನು ಅಂಗೈ ತೆರೆದು ತೋರಿಸಿದ.

"ಹಾಗಾದ್ರೆ ಸಮಿಜೊ? ಅವನ ಹೊಟ್ಟೆ ಮೇಲೆ ಹೊಡೆದ್ರಲ್ಲ, ವಾಷರ್ ಅಂದು? ನಿಮ್ಮದೂ ವಾಷರ್ ಹೋಗಿತ್ತು ಅಂತ ಗೊತ್ತಿದ್ದೂ?"

"ಜನ ನೋಡಿದ್ದು ನಾನು ಎದ್ನೋ ಇಲ್ವೋ ಅಂತ. ಏನು ಕುಡಿದೆ ಅಂತ ಯಾರಾದ್ರೂ ಕೇಳಿದ್ರಾ? ಅವನು ಎದ್ದ. ನಾನು ಏಳ್ಲಿಲ್ಲ. ಅಷ್ಟೇ ಸತ್ಯ."

ವಿನಾರ್ಸಿಗೆ ಮೈಯೆಲ್ಲ ಉರಿ ಹತ್ತಿಕೊಂಡಿತು. ಎಷ್ಟು ವರ್ಷ ಆ ಪಾಪವನ್ನು ತಾನೊಬ್ಬಳೇ ಹೊತ್ತಿದ್ದೆನೆಂದು ಅಂದುಕೊಂಡಿದ್ದಳು! ದುಪ್ಪಟಿ ಒಗೆಯುವಾಗ, ಸಮಿಜೊನ ಸಾರು ನುಂಗುವಾಗ, ಪ್ರಾರ್ಥನೆಗೆ ಬಾಗಿದಾಗ, ಪ್ರತಿ ಸಲ ದೇವರಲ್ಲಿ ಕ್ಷಮೆ ಬೇಡಿದ್ದಳು. ಈ ಮನುಷ್ಯ ಅವಳ ಬೆನ್ನ ಮೇಲೆ ಮೂಟೆ ಹೊರಿಸಿ, ತಾನು ಕೈಬೀಸಿಕೊಂಡು ನಡೆದಿದ್ದ. ಥೂ ಎನಿಸಿತು. ಥೂ ಎಂದೇಬಿಟ್ಟಳು.

ಅವನು ಬೆಚ್ಚಿದ. ಅವಳು ಎದ್ದು ನಿಂತಳು.

"ಸುಗ್ಗಿ ಮುಗೀತಿದ್ದ ಹಾಗೆ ಊರು ಶುದ್ಧಿಯ ಆಟ ಇದೆ. ಹಗಲಾಟ. ಟ್ಯೂಬು ಹಾಕ್ಕೊಂಡೇ ಕೂರ್ತೀನಿ ಅಂತ ಮುಖಂಡರಿಗೆ ಮಾತು ಕೊಟ್ಟಿದೀರಂತೆ. ಕೂರಿ. ಚೀಲ ನಾನು ನೋಡ್ಕೋತೀನಿ, ಕ್ಲಿಪ್ಪು ನಾನು ಬಿಡ್ತೀನಿ. ನಿಮ್ಮ ಸತ್ಯ ಊರಿಗೆಲ್ಲ ಹೇಳಿ ಅಂತ ನಾನು ಕೇಳಲ್ಲ. ಆದ್ರೆ ಆವತ್ತು ಸಮಿಜೊನ ಕರೀತೀನಿ. ಎಲ್ಲರ ಎದುರಿಗೆ, ಅದೇ ಡೊಳ್ಳುಹೊಟ್ಟೆ ಗೊಂಬೆ ಬಾಯಲ್ಲಿ, ಅವನ ಹೆಸರು ಅವನಿಗೆ ವಾಪಸ್ ಕೊಡಿ. 'ಒಂದಕ್ಕೆ ಎಲ್ಲರಿಗೂ ಬರುತ್ತೆ, ನನ್ನ ತಮ್ಮ ಒಳ್ಳೇ ದಾಲಾಂಗ್' ಅಂತ ಎರಡು ಮಾತು. ಇಲ್ಲ ಅಂದ್ರೆ ನಾನು ಗೆಂದೆರ್ ಮುಂದೆ ಕೂರಲ್ಲ."

"ಆಯ್ತು ಮಾರಾಯ್ತಿ," ಎಂದ ಅವನು. "ಹೇಳ್ತೀನಿ. ಅದೇನು ದೊಡ್ಡ ವಿಷಯ."

ಆಟದ ದಿನ ಊರಿನ ಅಂಗಳದಲ್ಲಿ ಚಪ್ಪರ. ಬುಟ್ಟಿಗಟ್ಟಲೆ ಹಣ್ಣು, ಹಳದಿ ಅನ್ನದ ಗೋಪುರ, ಬೇಯಿಸಿದ ಕೋಳಿ. ಆಸ್ಪತ್ರೆಯಿಂದ ಎದ್ದುಬಂದು ನೇರ ಪರದೆ ಮುಂದೆ ಕೂತ ದಾಲಾಂಗನನ್ನು ನೋಡಲು ಅಕ್ಕಪಕ್ಕದ ಹಳ್ಳಿಯವರೂ ಬಂದಿದ್ದರು. ಟ್ಯೂಬು ಅವನ ಸಾರಂಗಿನ ಒಳಗಿಂದ ಹಿಂದಕ್ಕೆ ಬಂದು, ಚಾಪೆಯ ಕೆಳಗೆ ಹಾದು, ಗೆಂದೆರಿನ ಪಕ್ಕದ ಮುಚ್ಚಳದ ಬುಟ್ಟಿಗೆ ಇಳಿದಿತ್ತು. ಬುಟ್ಟಿಯಲ್ಲಿ ಚೀಲ, ಬುಟ್ಟಿಯ ಬಾಯಿಯಲ್ಲಿ ಕ್ಲಿಪ್ಪು. ವಿನಾರ್ಸಿ ಅದರ ಮೇಲೊಂದು ಬಾತಿಕ್ ಬಟ್ಟೆ ಹೊದಿಸಿದ್ದಳು. ಯಾರಾದರೂ ನೋಡಿದರೆ ಎಲೆಅಡಿಕೆ ಬುಟ್ಟಿ ಎಂದುಕೊಳ್ಳಬೇಕು. ನಡುನಡುವೆ ಗೆಂದೆರ್ ಬಾರಿಸುವ ಸುತ್ತಿಗೆ ಕೈ ಬದಲಿಸುವ ನೆಪದಲ್ಲಿ ಕ್ಲಿಪ್ಪು ಬಿಡುತ್ತಿದ್ದಳು, ಹಾಕುತ್ತಿದ್ದಳು. ಮಾತ್ರೆ ಇಲ್ಲದ್ದರಿಂದ ಅವನ ಸೊಂಟ ನೋಯುತ್ತಿತ್ತು. ಬೆನ್ನು ನೋಡಿಯೇ ಅವಳಿಗೆ ತಿಳಿಯುತ್ತಿತ್ತು. ಆದರೆ ಹೊಟ್ಟೆಯೊಳಗಿನದು ಇನ್ನೂ ಮೂಕವಾಗಿಯೇ ಇತ್ತು. ಇಷ್ಟು ದಿನದಲ್ಲಿ ಒಮ್ಮೆಯೂ ಅವನು 'ಬಂತು' ಎಂದಿರಲಿಲ್ಲ.

ಸಮಿಜೊ ಬಂದಿದ್ದ. ಗಾಡಿಗೆ ರಜೆ ಹಾಕಿ, ಹಳೆಯ ದಾಲಾಂಗ್ ರುಮಾಲು ಕಟ್ಟಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅತ್ತಿಗೆ ಏನೋ ಹೇಳಿಕಳಿಸಿದ್ದಾಳೆ, ಒಳ್ಳೆಯದೇ ಇರಬೇಕು ಎಂಬ ಆಸೆ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು.

ಹೊತ್ತು ಮಧ್ಯಾಹ್ನ ತಿರುಗಿದಾಗ ಹಾಸ್ಯದ ಗೊಂಬೆಗಳು ಬಂದವು. ಡೊಳ್ಳುಹೊಟ್ಟೆಯದು ಪರದೆಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡಿತು.

"ಲೇ, ಇವತ್ತು ನನ್ನ ಯಜಮಾನನ ತಮ್ಮ ಬಂದಿದಾನೆ ಕಣ್ರೋ. ಅವನಿಗೆ ಒಂದು ಮಾತು ಹೇಳಬೇಕು ಅಂತ ಮನೆಯವರ ಅಪ್ಪಣೆ ಆಗಿದೆ."

"ಹೇಳು ಹೇಳು!" ಎಂದಿತು ಸೊಟ್ಟಗಾಲಿನ ಗೊಂಬೆ.

ವಿನಾರ್ಸಿ ಗೆಂದೆರನ್ನು ಮೆಲ್ಲಗೆ ನುಡಿಸಿದಳು, ಮಾತು ಚೆನ್ನಾಗಿ ಕೇಳಲಿ ಎಂದು. ಸಮಿಜೊ ಮುಂದಕ್ಕೆ ಬಾಗಿದ.

"ತಮ್ಮಾ, ನಿನ್ನ ಸೊತೊ ತುಂಬಾ ರುಚಿ ಅಂತೆ. ಊರೆಲ್ಲ ಹೊಗಳ್ತಾರೆ. ಒಂದೇ ಒಂದು ಅನುಮಾನ ನೋಡು." ಗೊಂಬೆ ತಲೆ ಕೆರೆದುಕೊಂಡಿತು. "ಸಾರು ಅಷ್ಟು ಉಪ್ಪುಪ್ಪು, ಅಷ್ಟು ಬಿಸಿಬಿಸಿ ಹೆಂಗೆ ಬರುತ್ತೆ? ಒಲೆ ಮೇಲೆ ಇಡ್ತೀಯೋ, ಇಲ್ಲ ವಾಷರ್ ಹೋಗಿರೋ ನಲ್ಲಿಯಿಂದ ನೇರವಾಗಿ...?"

ಚಪ್ಪರ ಹಾರಿಹೋಗುವ ಹಾಗೆ ನಗು ಎದ್ದಿತು. ಹುಡುಗರು ನೆಲಕ್ಕೆ ಬಡಿದರು. ಯಾರೋ ಹಿಂದಿನಿಂದ "ವಾಷರ್ ಸೊತೊ!" ಎಂದು ಕೂಗಿದ. ತುಕಿರಾನನ ಬೆನ್ನು ಹಿಗ್ಗಿನಿಂದ ನೆಟ್ಟಗಾಯಿತು. ಜನರ ನಗು ಕೇಳಿದರೆ ಅವನಿಗೆ ಸೊಂಟದ ನೋವೂ ಮರೆಯುತ್ತಿತ್ತು. ಸಮಿಜೊನ ಹೆಂಡತಿ ತಲೆ ತಗ್ಗಿಸಿದಳು. ಸಮಿಜೊ ಏಳಲಿಲ್ಲ, ಸಿಟ್ಟಾಗಲಿಲ್ಲ. ಅವನೂ ನಕ್ಕ. ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆಂದು, ನಗದಿದ್ದರೆ ಇನ್ನೂ ನಗುತ್ತಾರೆಂದು, ಹಲ್ಲು ಬಿಟ್ಟು ನಕ್ಕ. ನಾಳೆ ಬೆಳಗ್ಗೆ ಅವನ ಗಾಡಿಯ ಮುಂದೆ ಯಾರು ನಿಲ್ಲುತ್ತಾರೆ?

ವಿನಾರ್ಸಿ ಆ ನಗುವನ್ನು ನೋಡಿದಳು. ಆಮೇಲೆ ಮುಂದಿದ್ದ ಬೆನ್ನನ್ನು ನೋಡಿದಳು. ಎರಡು ಸುತ್ತಿಗೆಗಳನ್ನೂ ಗೆಂದೆರಿನ ಮೇಲೆ ಅಡ್ಡ ಇಟ್ಟಳು.

ತನಗೂ ಒಂದಕ್ಕೆ ಬಂದಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಆಗ ಬಂದದ್ದಲ್ಲ ಅದು, ಬೆಳಗಿನಿಂದಲೂ ಇತ್ತು. ಮದುವೆಯಾದಾಗಿನಿಂದಲೂ ಇತ್ತು ಎನ್ನಿ. ಯಾವ ಮಾತ್ರೆಯೂ ಇಲ್ಲದೆ, ಒಂದೊಂದು ನರವೂ ಕೂಗಿ ಕೂಗಿ ಹೇಳುತ್ತಿದ್ದರೂ ಕಿವಿ ಮುಚ್ಚಿ ಕೂತಿದ್ದಳು. ಯಾರಿಗಾಗಿ?

ಎದ್ದಳು.

ಕಾಲು ಜೋಮು ಹಿಡಿದಿತ್ತು. ಸೀರೆಯಂತೆ ಸುತ್ತಿದ ಬಾತಿಕ್ ಉಡುಗೆಯ ನೆರಿಗೆ ಕೊಡವಿ, ಕ್ಲಿಪ್ಪು ಹಾಕಿದಂತೆಯೇ ಇದ್ದ ಬುಟ್ಟಿಯನ್ನು ದಾಟಿ, ವಾದ್ಯದವರ ನಡುವೆ, ಎಲ್ಲರ ಕಣ್ಣೆದುರಿಗೇ ನಡೆದಳು. ಮದ್ದಳೆಯವನು ಬಾಯಿ ತೆರೆದು ನೋಡಿದ. "ಬು, ಎಲ್ಲಿಗೆ?" ಎಂದ ಪಿಸುಮಾತಿನಲ್ಲಿ.

"ಒಂದಕ್ಕೆ," ಎಂದಳು ವಿನಾರ್ಸಿ. ಪಿಸುಮಾತಿನಲ್ಲಿ ಅಲ್ಲ.

ನಗು ತಟ್ಟನೆ ತಗ್ಗಿತು. ಮುಂದಿನ ಸಾಲಿನ ಮುದುಕಿಯರು ಒಬ್ಬರನ್ನೊಬ್ಬರು ತಿವಿದರು. ಅವಳು ಸಮಿಜೊನ ಪಕ್ಕದಲ್ಲಿ ಹಾದುಹೋಗುವಾಗ ಅವನು ನಗು ನಿಲ್ಲಿಸಿ ಅತ್ತಿಗೆಯ ಮುಖ ನೋಡಿದ. ಅವಳು ಅವನ ಭುಜ ಮುಟ್ಟಿದಳು, ನಿಲ್ಲಲಿಲ್ಲ. ಅಂಗಳ ದಾಟಿ, ಮುಖಂಡರ ಮನೆಯ ಹಿತ್ತಲಿನ ಬಚ್ಚಲಿಗೆ ಹೋಗಿ ತಗಡಿನ ಬಾಗಿಲು ಹಾಕಿಕೊಂಡಳು.

ಅವಸರ ಮಾಡಲಿಲ್ಲ. ಎಷ್ಟು ಹಾಯೆನಿಸಿತೆಂದರೆ ಕಣ್ಣಲ್ಲಿ ನೀರು ಬಂತು.

ಊರಿಗೆಲ್ಲ ಕೇಳಲೆಂದು ಮುಖಂಡರು ಮನೆಯ ಮಾಡಿಗೂ ಒಂದು ಧ್ವನಿವರ್ಧಕ ಕಟ್ಟಿಸಿದ್ದರು. ಅದರಲ್ಲಿ ಮದ್ದಳೆಯವನು ಒಬ್ಬನೇ ಬಾರಿಸುವುದು ಕೇಳುತ್ತಿತ್ತು. ಆಮೇಲೆ ಗಂಡನ ದನಿ, ಗೊಂಬೆಯದಲ್ಲ, ಅವನದೇ. ಕೊರಳಿಗೆ ಸಿಕ್ಕಿಸಿದ ಮೈಕು ಮರೆತಿದ್ದ.

"ವಿನಾರ್... ಗೆಂದೆರ್ ಯಾಕೆ ನಿಂತಿತು? ವಿನಾರ್?"

ಅವಳು ತೊಟ್ಟಿಯಿಂದ ಚೊಂಬಿನಲ್ಲಿ ನೀರು ತೆಗೆದಳು.

"ವಿನಾರ್, ಕ್ಲಿಪ್ಪು. ಕ್ಲಿಪ್ಪು ಬಿಡೇ." ಮತ್ತೆ ದನಿ ಬಂತು, ಈ ಸಲ ಮಗುವಿನದರಂತೆ ಸಣ್ಣಗೆ, ಬೆರಗಿನಿಂದ, ಹೆದರಿಕೆಯಿಂದ. "ಬಂತು ಕಣೇ. ಅಯ್ಯೋ... ಬಂತು. ನಿಜವಾಗ್ಲೂ ಬಂತು!"

ಮಾಡಿನ ಮೇಲಿಂದ, ಚಪ್ಪರದಿಂದ, ಬೀದಿಯ ಮೂಲೆಯಿಂದ ಅದೇ ಮಾತು ಊರಿಗೆಲ್ಲ ಬಡಿಯಿತು. ಎಲ್ಲೋ ಒಬ್ಬ ಹುಡುಗ ಕಿಸಕ್ಕೆಂದ. ಅದರ ಹಿಂದೆಯೇ ಇಡೀ ಅಂಗಳ.

ನರ ಎಚ್ಚರವಾಯಿತು, ಡಾಕ್ಟರಿಗೆ ಹೇಳಿಕಳಿಸಬೇಕು, ಎಂದು ವಿನಾರ್ಸಿ ಅಂದುಕೊಂಡಳು. ನಾಳೆ ಹೇಳಿದರಾಯಿತು.

"ವಿನಾರ್! ಎಲ್ಲಿದ್ದೀಯೇ? ತಡೆಯೋಕಾಗ್ತಿಲ್ಲ ಕಣೇ..."

"ಎದ್ದು ಬನ್ನಿ," ಎಂದಳು ಅವಳು ಬಚ್ಚಲಿನ ಗೋಡೆಗೆ. "ನಾನು ಎದ್ದು ಬಂದಿಲ್ವಾ?"

ಮತ್ತೆ ಚೊಂಬು ಅದ್ದಿ ನೀರು ತುಂಬಿಕೊಂಡು, ನಿಧಾನವಾಗಿ ಕಾಲು ತೊಳೆದುಕೊಂಡಳು.